ನೆಲಕ್ಕಿಡದ ಚೀಲ

ಚಾಂದ್‌ಖೇಡಾ, ಅಹಮದಾಬಾದ್
9 ಮಾರ್ಚ್ 2025

ಚಿ. ಅರ್ಚಿತಾಳಿಗೆ ಆಶೀರ್ವಾದಗಳು.

ಹಾಗಲ್ಲಮ್ಮ, ನಾನು ಹೇಳಲು ಹೊರಟಿದ್ದೇ ಬೇರೆ, ಅಷ್ಟರಲ್ಲಿ ಫೋನು ಕಟ್ಟಾಯಿತು. ತಾನಾಗಿ ಕಟ್ಟಾಯಿತೋ, ನೀನೇ ಕಟ್ ಮಾಡಿದೆಯೋ, ಅದನ್ನು ಕೇಳುವುದಿಲ್ಲ. ನಿನ್ನೆ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಮುಂದುವರಿಸುತ್ತೇನೆ. ಹೇಗೂ ಈ ತಿಂಗಳ ಕಾಗದ ಬಾಕಿ ಇತ್ತು. ಸೂರತ್ತಿನಲ್ಲಿ ಹುಟ್ಟಿ ಬೆಳೆದ ತಮ್ಮನ ಮಗಳಿಗೆ ಕನ್ನಡ ಅಕ್ಷರ ಮರೆತುಹೋಗಬಾರದೆಂದು ನಿಮ್ಮತ್ತೆ ಸುಮಿತ್ರಾ ಹಾಕಿಕೊಟ್ಟ ಪದ್ಧತಿ ಇದು, ತಿಂಗಳಿಗೊಂದು ಕಾಗದ. ನಿನ್ನ ಉತ್ತರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದಳು. ಅವಳು ಹೋಗಿ ವರ್ಷದ ಮೇಲಾಯಿತು. ನಾನು ತಿದ್ದುವುದಿಲ್ಲ. ಕೆಂಪು ಪೆನ್ನೂ ಒಣಗಿದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಮೇಲೆ ಕೇಸಿದೆ ಎಂದು ನಿಮ್ಮಪ್ಪ ರಾಘವ ಮೊನ್ನೆ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಾಯಿತಂತೆ. ವಡೋದರಾದ ಹೊರಗೆ ಪೊಲೀಸರು ನಿನ್ನ ಸ್ಕೂಟರ್ ತಡೆದರಂತೆ. ಏನು ಕೇಳಿದರೂ ನೀನು ಉತ್ತರ ಕೊಡಲಿಲ್ಲವಂತೆ. ಅರೆಸ್ಟ್ ಮಾಡುತ್ತೇವೆಂದು ಮಹಿಳಾ ಕಾನ್‌ಸ್ಟೇಬಲ್ ಕೈ ಹಿಡಿದಾಗ ಕೊಸರಿಕೊಂಡೆಯಂತೆ, ಆಕೆ ಬಿದ್ದು ಮಣಿಕಟ್ಟು ಮುರಿಯಿತಂತೆ. ರೆಸಿಸ್ಟಿಂಗ್ ಅರೆಸ್ಟ್. ನಮ್ಮ ತುಮಕೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ರಿಗ್ರೆಟ್ ಬೇರೆ, ರಿಮೋರ್ಸ್ ಬೇರೆ ಎಂದು ಒಂದು ಗಂಟೆ ಪಾಠ ಮಾಡಿದ್ದರು. ಯಾವುದು ಯಾವುದು ಎಂದು ಈಗ ಮರೆತಿದ್ದೇನೆ. ಎರಡನ್ನೂ ಸೇರಿಸಿ ಬರೆದುಕೊಡು. ಎರರ್ ಆಫ್ ಜಡ್ಜ್‌ಮೆಂಟ್ ಎನ್ನು. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸು.

ನನಗೆ ಅರ್ಥವಾಗದ್ದು ಇಷ್ಟೇ. ನೀನು, ಕೇಳಿದ್ದಕ್ಕೆ ಉತ್ತರ ಕೊಡದೆ ನಿಲ್ಲುವುದೇ? ಒಂದು ನಿಮಿಷ ನೀನು ಸುಮ್ಮನಿದ್ದರೆ ಜ್ವರವೇನೋ ಎಂದು ನಿಮ್ಮತ್ತೆ ಹಣೆ ಮುಟ್ಟಿ ನೋಡುತ್ತಿದ್ದಳು. ಕೆಳಗಿನ ಮನೆಯ ಗುಂಡಪ್ಪನಿಗೆ ಹೇಳಿದರೆ ಅವನು, "ಪೊಲೀಸಿನವಳನ್ನೇ ಕೆಡವಿದಳಾ? ಸೊಸೈಟಿ ಸೆಕ್ರೆಟರಿ ಮಾಡೋಣ ಕರೆಸು. ಪಾರ್ಕಿಂಗ್ ಜಗಳ ಒಂದೇ ದಿನದಲ್ಲಿ ಮುಗಿಯುತ್ತೆ" ಎಂದ. ನಗಲಿಲ್ಲ ನಾನು.

ಅದೇ ನವೆಂಬರಿನಲ್ಲಲ್ಲವೇ ನೀನು ನಿಮ್ಮತ್ತೆಯ ಅಸ್ಥಿ ಒಯ್ದದ್ದು? ಉಳಿದ ಕರ್ಮವೆಲ್ಲ ಇಲ್ಲೇ ಆಗಿತ್ತು. ಒಂದು ತಂಬಿಗೆಯಷ್ಟನ್ನು ಮಾತ್ರ ಚಾಣೋದಿನಲ್ಲಿ ನರ್ಮದೆಗೆ ಬಿಡಬೇಕೆಂದು ಅವಳ ಆಸೆ. ನನ್ನ ಮಂಡಿ ಕೈಕೊಟ್ಟು, ಆ ತಂಬಿಗೆಯ ಚೀಲ ಒಂಬತ್ತು ತಿಂಗಳು ಬಾಲ್ಕನಿಯ ಕೊಕ್ಕೆಯಲ್ಲೇ ತೂಗುತ್ತಿತ್ತು. ಕೊನೆಗೆ ನಿನ್ನ ಕೈಗೆ ಕೊಟ್ಟೆ. ನೆಲಕ್ಕಿಡಬೇಡ, ನೀರು ಮುಟ್ಟಿಸುವವರೆಗೆ ಮಾತಾಡಬೇಡ, ನಮ್ಮಜ್ಜಿ ಹೇಳುತ್ತಿದ್ದ ನಿಯಮ ಎಂದೆ. ಸಂಜೆ ಫೋನಿನಲ್ಲಿ ನೀನು "ಆಯ್ತು ಮಾವ" ಎಂದೆ, ಅಷ್ಟೇ. ದುಃಖದಲ್ಲಿ ಮಾತು ಬರಲಿಲ್ಲ ಎಂದುಕೊಂಡೆ. ಆ ರಾತ್ರಿ ಒಂಬತ್ತು ತಿಂಗಳ ಮೇಲೆ ಮೊದಲ ಸಲ ನನಗೆ ನಿದ್ದೆ ಬಂತು. ಅಂಥ ಕೆಲಸ ಮಾಡಿದ ಹುಡುಗಿ ರಸ್ತೆಯಲ್ಲಿ ಕೈ ಮಾಡಿದಳೆಂದರೆ ನಂಬಲಿ ಹೇಗೆ?

ಕೊಕ್ಕೆ ಖಾಲಿ ಇದೆ. ಮನಿಪ್ಲಾಂಟ್ ತೂಗುಹಾಕೋಣ ಎಂದಿದ್ದೇನೆ.

ಇಂತು,
ನಿನ್ನ ಮಾವ ಸತ್ಯಪ್ರಕಾಶ


ಫತೇಗಂಜ್, ವಡೋದರಾ
23 ಮಾರ್ಚ್ 2025

ಮಾವನವರಿಗೆ ನಮಸ್ಕಾರ.

ಫೋನು ನಾನೇ ಕಟ್ ಮಾಡಿದ್ದು. ಕ್ಷಮಿಸಿ.

ಅಪ್ಪ ಹೇಳಿದ್ದೆಲ್ಲ ಸರಿ. ಆದರೆ ನಾನು ತಪ್ಪೊಪ್ಪಿಕೊಳ್ಳಲ್ಲ. ನಾನು ಈಗ ಕೆಲಸ ಮಾಡುವ ಗೋರ್ವಾದ ಲ್ಯಾಬಿನಲ್ಲಿ ಕೇಸಿನ ಬಗ್ಗೆ ಯಾರೂ ಏನೂ ಕೇಳಲ್ಲ. ಆದರೆ ನಿಮ್ಮ ಊರಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯ ಪರೀಕ್ಷೆ ಪಾಸಾಗಿದ್ದೀನಿ. ಪೊಲೀಸ್ ವೆರಿಫಿಕೇಶನ್ ಆಗಬೇಕು. ಕೇಸು ಮುಗಿಯುವವರೆಗೆ ತಡೆದಿಟ್ಟಿದ್ದಾರೆ. ಶಿಕ್ಷೆ ಆದರೆ ಆ ಕೆಲಸ ಹೋಯಿತು. ಇದು ಒಂದು ಕಾರಣ. ಇನ್ನೊಂದು ಇದೆ, ಅದನ್ನು ಬರೆಯಲ್ಲ.

ನನ್ನ ವಕೀಲರು ಚಂದ್ರಕಾಂತ ಭಾಯಿ. ವಯಸ್ಸಾದವರು, ಮಾತಿನ ನಡುವೆ ಒಂದು ಕಪ್ ಚಹಾ ಮುಗಿಸುತ್ತಾರೆ. ಅವರು ಹೀಗೆ ಹೇಳಿದರು: "ನೋಡು ಬೇಟಾ, ನೀನು ಕೈ ಎಳೆದುಕೊಂಡೆ, ಅವಳು ಬಿದ್ದಳು. ಇದು ನಾಲ್ಕು ಜನ ನೋಡಿದ್ದಾರೆ. ಆದರೆ ಅಪರಾಧ ಕೈಯಲ್ಲಿ ಇರಲ್ಲ, ಮನಸ್ಸಿನಲ್ಲಿ ಇರುತ್ತೆ. ಬಂಧನ ತಪ್ಪಿಸಿಕೊಳ್ಳಬೇಕು ಅಂತಲೇ ಎಳೆದೆ ಅಂತ ಅವರು ಸಾಬೀತು ಮಾಡಬೇಕು. ಅದಕ್ಕಲ್ಲ, ಬೇರೆಯದಕ್ಕೆ ಎಳೆದೆ ಅಂತ ನಾವು ತೋರಿಸಬೇಕು. ತೋರಿಸೋಕೆ ನೀನು ಬಿಡ್ತಾ ಇಲ್ಲ."

ಮಾವ, ಒಂದು ಸಹಾಯ. ಅತ್ತೆಯ ಮರಣ ಪ್ರಮಾಣಪತ್ರದ ಒಂದು ಪ್ರತಿ ಬೇಕು, ನಿಮ್ಮ ಸಹಿ ಹಾಕಿ. ಕೋರ್ಟಿಗೆ. ಯಾಕೆ ಅಂತ ಈಗ ಕೇಳಬೇಡಿ.

ಆ ಕೊಕ್ಕೆಗೆ ಏನೂ ಹಾಕಬೇಡಿ. ಖಾಲಿ ಇರಲಿ.

ಅರ್ಚಿತಾ


ಚಾಂದ್‌ಖೇಡಾ
2 ಏಪ್ರಿಲ್ 2025

ಅರ್ಚಿತಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲ ಓದಿದ ಮೇಲೆ ಕಪಾಟಿನ ಬೀಗ ತೆಗೆದಿದ್ದವನು ಮತ್ತೆ ಹಾಕಿದೆ.

ನೀನು ಏನು ಮಾಡಲು ಹೊರಟಿದ್ದೀಯ ಎಂಬುದು ತಿಳಿಯದಷ್ಟು ಮಂಕು ಬಡಿದಿಲ್ಲ ನನಗೆ. ಅತ್ತೆ ತೀರಿಕೊಂಡಿದ್ದರು, ಮನಸ್ಸು ಸರಿ ಇರಲಿಲ್ಲ, ಆದ್ದರಿಂದ ಪೊಲೀಸರನ್ನು ತಳ್ಳಿದೆ ಎಂದು ಹೇಳಿಸುವ ಯೋಚನೆ. ಆ ಮುದುಕ ವಕೀಲರ ಐಡಿಯಾ ಇರಬೇಕು. ಸಿಂಪಥಿ ಗ್ರೌಂಡ್ಸ್. ಸುಮಿತ್ರಾ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ನೀನು ಪರೀಕ್ಷೆ ಇದೆ, ಮುಗಿಸಿ ಬರುತ್ತೇನೆ ಎಂದೆ. ಮುಗಿಸಿ ಬಂದೆ, ಅಷ್ಟರಲ್ಲಿ ಅವಳೂ ಮುಗಿಸಿದ್ದಳು. ಅವಳಿದ್ದಾಗ ಬರಲಾಗದ ದುಃಖ, ಒಂಬತ್ತು ತಿಂಗಳಾದ ಮೇಲೆ ರಸ್ತೆಯಲ್ಲಿ ಉಕ್ಕಿತೇ?

ಮೂವತ್ತೊಂದು ವರ್ಷ ನಾನು ತೈಲ ಕಂಪನಿಯ ಕಲ್ಲಿನ ಗೋದಾಮು ನೋಡಿಕೊಂಡವನು. ಬಾವಿ ಕೊರೆದಾಗ ಬಂದ ಕಲ್ಲಿನ ತುಂಡು, ಯಾವ ಬಾವಿ, ಎಷ್ಟು ಆಳ, ಯಾವ ದಿನ ಎಂದು ಚೀಟಿ ಬರೆದು ಪೆಟ್ಟಿಗೆಗೆ ಹಚ್ಚುವ ಕೆಲಸ. ತಪ್ಪು ಚೀಟಿ ಇರುವ ಪೆಟ್ಟಿಗೆಗಿಂತ ಚೀಟಿಯೇ ಇಲ್ಲದ ಪೆಟ್ಟಿಗೆ ಮೇಲು. ನಿನ್ನ ತಪ್ಪಿನ ಮೇಲೆ ಅವಳ ಸಾವಿನ ಚೀಟಿ ಹಚ್ಚಲು ನಾನು ಕೊಡುವುದಿಲ್ಲ. ಪ್ರಮಾಣಪತ್ರ ಕಳಿಸುವುದಿಲ್ಲ.

ಕೊಕ್ಕೆಗೆ ಮನಿಪ್ಲಾಂಟ್ ಹಾಕಿಯಾಯಿತು.

ಸತ್ಯಪ್ರಕಾಶ


ಚಾಂದ್‌ಖೇಡಾ
27 ಜುಲೈ 2025

ಚಿ. ಅರ್ಚಿತಾಳಿಗೆ ಆಶೀರ್ವಾದಗಳು.

ಏಪ್ರಿಲ್, ಮೇ, ಜೂನ್. ಮೂರು ಕಾಗದ ಬಾಕಿ ನಿನ್ನದು. ಫೋನು ಮಾಡಿದರೆ ಮೀಟಿಂಗ್ ಎನ್ನುತ್ತೀಯ. ಭಾನುವಾರವೂ ಮೀಟಿಂಗ್.

ನಿಮ್ಮತ್ತೆಯ ಟ್ರಂಕಿನಲ್ಲಿ ನಿನ್ನ ಹಳೆಯ ಕಾಗದವೊಂದು ಸಿಕ್ಕಿತು, ತಿದ್ದಿ ವಾಪಸು ಕಳಿಸುವುದನ್ನು ಮರೆತಿರಬೇಕು. ನಿನಗೆ ಹತ್ತು ಹನ್ನೊಂದು ವರ್ಷ. "ಅತ್ತೆ ನಾನು ಬಂದರೆ ನದಿಗೆ ಹೋಗೋಣ, ಮಾವ ಬರದಿದ್ದರೆ ಬೇಡ ನಾವೇ ಹೋಗೋಣ" ಎಂದು ಬರೆದಿದ್ದೀಯ. ಅವಳು ಕೆಂಪು ಶಾಯಿಯಲ್ಲಿ ಅಕ್ಷರವನ್ನೇನೂ ತಿದ್ದಿಲ್ಲ. ಪಕ್ಕದಲ್ಲಿ "ಹೋಗೋಣ" ಎಂದಷ್ಟೇ ಬರೆದಿದ್ದಾಳೆ.

ಏಪ್ರಿಲಿನಲ್ಲಿ ನಾನು ಬರೆದದ್ದು ಸ್ವಲ್ಪ ಹೆಚ್ಚಾಯಿತು. ಆಸ್ಪತ್ರೆಯ ಮಾತು ತೆಗೆಯಬಾರದಿತ್ತು. ಪೋಸ್ಟ್ ಡಬ್ಬಿಗೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಡಬ್ಬಿ ತೆಗೆಯುವವನು ಬಂದರೆ ವಾಪಸು ಕೇಳೋಣವೆಂದು. ಅವನು ಅವತ್ತು ಬರಲೇ ಇಲ್ಲ.

ಎರಡೇ ಸಾಲಾದರೂ ಬರೆ.

ಮಾವ


ಫತೇಗಂಜ್
14 ಸೆಪ್ಟೆಂಬರ್ 2025

ಮಾವನವರಿಗೆ ನಮಸ್ಕಾರ.

ಇದನ್ನು ಐದು ಸಲ ಬರೆದು ಹರಿದಿದ್ದೀನಿ. ಕುಳಿತು ಓದಿ. ಗುಂಡಪ್ಪ ಅಂಕಲ್ ಮನೆಯಲ್ಲಿದ್ದರೆ ಮೇಲೆ ಕರೆದುಕೊಂಡು ಓದಿ.

ಅತ್ತೆಯ ಅಸ್ಥಿ ನರ್ಮದೆಗೆ ಹೋಗಿಲ್ಲ. ಪೊಲೀಸ್ ಠಾಣೆಯಲ್ಲಿದೆ.

ಕೇಸು ಆದದ್ದು ಅವತ್ತೇ. ಚೀಲವನ್ನು ಕತ್ತಿನಿಂದ ಎದೆಯ ಮೇಲೆ ಹಾಕಿಕೊಂಡು ಸ್ಕೂಟರಿನಲ್ಲಿ ಹೊರಟೆ. ಚಾಣೋದಿಗೆ ಹೋಗುವ ಡಭೋಯಿ ರಸ್ತೆ ಶುರುವಾಗುವಲ್ಲಿ ಬ್ಯಾರಿಕೇಡ್ ಇತ್ತು. ಎಲ್ಲರನ್ನೂ ನಿಲ್ಲಿಸುತ್ತಿದ್ದರು. ಲೈಸೆನ್ಸ್ ಕೇಳಿದರು, ಕೊಟ್ಟೆ. ಎಲ್ಲಿಗೆ ಅಂದರು. ಮಾತಾಡಲಿಲ್ಲ. ಚೀಲದಲ್ಲಿ ಏನು ಅಂದರು. ಕೈ ಮುಗಿದೆ. ನಾಟಕ ಮಾಡ್ತಾಳೆ ಅಂದುಕೊಂಡರು. ಪಾನನಿಷೇಧದ ಈ ರಾಜ್ಯದಲ್ಲಿ ಚೀಲ ತೋರಿಸಲ್ಲ ಅಂದರೆ ಸಾರಾಯಿ ಬಾಟಲಿ ಅಂತಲೇ ಅರ್ಥ, ನಿಮಗೆ ಗೊತ್ತು. "ಕೆಳಗಿಡು, ತೆಗಿ" ಅಂದರು. ತಲೆ ಅಲ್ಲಾಡಿಸಿದೆ. ಸಾಹೇಬರು "ಕೂರಿಸು ಗಾಡಿಯಲ್ಲಿ, ಅರೆಸ್ಟ್" ಅಂದರು. ಕಾನ್‌ಸ್ಟೇಬಲ್ ಪ್ರಾರ್ಥನಾ ಬೆನ್ ಒಂದು ಕೈಯಲ್ಲಿ ನನ್ನ ತೋಳು, ಒಂದು ಕೈಯಲ್ಲಿ ಚೀಲದ ಪಟ್ಟಿ ಹಿಡಿದರು. ಪಟ್ಟಿ ಕಿತ್ತರೆ ತಂಬಿಗೆ ನೆಲಕ್ಕೆ ಬೀಳುತ್ತೆ ಅಂತ ಅಷ್ಟೇ ತಲೆಯಲ್ಲಿ ಬಂತು. ಎಳೆದುಕೊಂಡೆ. ಅವರು ಬ್ಯಾರಿಕೇಡಿನ ಕಾಲಿಗೆ ಎಡವಿ ಬಿದ್ದರು. ಮಣಿಕಟ್ಟಿನ ಸದ್ದು ನನಗೆ ಕೇಳಿಸಿತು.

ಆಗಲೂ ಮಾತಾಡಲಿಲ್ಲ. ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅತ್ತೆ ಆಸ್ಪತ್ರೆಯಲ್ಲಿದ್ದಾಗ ನಾನು ಬರಲಿಲ್ಲ. ನೀವು ಬರೆದದ್ದು ಸರಿಯೇ. ಇದೊಂದಾದರೂ ನಿಯಮ ಬಿಡದೆ ಪೂರ್ತಿ ಮಾಡಬೇಕು ಅಂದುಕೊಂಡಿದ್ದೆ. ಇನ್ನು ನಲವತ್ತು ಕಿಲೋಮೀಟರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಠಾಣೆಯಲ್ಲಿ ಚೀಲ ಕಿತ್ತುಕೊಂಡು ಮೇಜಿನ ಪಕ್ಕ ನೆಲಕ್ಕಿಟ್ಟರು. ಆಮೇಲೆ ಮಾತಾಡಿದೆ. ಇನ್ನು ಕಾಯೋದು ಏನೂ ಇರಲಿಲ್ಲ. ಅಸ್ಥಿ ಅಂತ ಹೇಳಿದೆ. "ಅಷ್ಟು ಹೊತ್ತು ಮೂಗಿ, ಈಗ ಕಥೆ" ಅಂದರು. ತಂಬಿಗೆಯ ಮೇಲೆ ನಿಮ್ಮ ಚೀಟಿ ಇತ್ತಲ್ಲ, ಅದು ಕನ್ನಡ, ಯಾರಿಗೂ ಓದೋಕೆ ಬರಲಿಲ್ಲ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ "ಗೊತ್ತಿಲ್ಲದ ಲಿಪಿಯ ಚೀಟಿ ಇರುವ ತಾಮ್ರದ ಪಾತ್ರೆ, ಒಳಗೆ ಬೂದು ಪುಡಿ" ಅಂತ ಬರೆದು, ಕೇಸಿನ ಮುದ್ದೆಮಾಲು ಅಂತ ಸೀಲ್ ಮಾಡಿದರು. ಸಂಜೆ ಜಾಮೀನು ಸಿಕ್ಕಿತು. ಹೊರಗೆ ಬಂದಾಗ ನಿಮ್ಮ ಫೋನು. "ಆಯ್ತೇನಮ್ಮ?" ಅಂದಿರಿ. ನಿಮ್ಮ ದನಿ ಹೇಗಿತ್ತು ಅಂದರೆ, ಇಲ್ಲ ಅನ್ನೋಕೆ ಆಗಲಿಲ್ಲ.

ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಮೂಳೆಯ ಬೂದಿ, ಬೇರೇನೂ ಅಲ್ಲ ಅಂತ ಬಂದಿದೆ. ಅದು ಯಾರದು ಅಂತ ತೋರಿಸೋಕೆ, ವಾಪಸು ಕೇಳೋಕೆ, ಮರಣ ಪ್ರಮಾಣಪತ್ರ ಬೇಕು. ಗಂಡನ ಅರ್ಜಿಯೇ ಬೇಕು. ನಿಮಗೆ ಹೇಳದೆ ತರೋಣ ಅಂತ ಹತ್ತು ತಿಂಗಳು ಓಡಾಡಿದೆ. ಆಗಲ್ಲವಂತೆ.

ಮಾತಾಡದೆ ಇದ್ದದ್ದು ನಿಮ್ಮ ಮನೆತನದ ಪದ್ಧತಿ, ಸೊಕ್ಕಲ್ಲ ಅಂತ ನೀವು ಕೋರ್ಟಿನಲ್ಲಿ ಹೇಳಿದರೆ ಕೇಸು ನಿಲ್ಲಲ್ಲ ಅಂತಾರೆ ಚಂದ್ರಕಾಂತ ಭಾಯಿ. ಬರ್ತೀರಾ?

ಅರ್ಚಿತಾ


ಚಾಂದ್‌ಖೇಡಾ
21 ಸೆಪ್ಟೆಂಬರ್ 2025

ಚಿ. ಅರ್ಚಿತಾಳಿಗೆ,

ಕಾಗದ ತಲುಪಿತು. ಪ್ರಮಾಣಪತ್ರ, ಸಹಿ ಮಾಡಿದ ಅರ್ಜಿ ಇದರೊಳಗಿವೆ.

ಬರುತ್ತೇನೆ. ಹೇಳುತ್ತೇನೆ.

ಮನಿಪ್ಲಾಂಟ್ ಇಳಿಸಿದೆ.

ಮಾವ


ಫತೇಗಂಜ್
7 ಡಿಸೆಂಬರ್ 2025

ಮಾವನವರಿಗೆ ನಮಸ್ಕಾರ.

ನೀವು ಬೈದು ಬರೆಯುತ್ತೀರಿ ಅಂತ ಕಾದಿದ್ದೆ. ಎರಡು ತಿಂಗಳಿಂದ ನಿಮ್ಮ ಕಾಗದ ಅರ್ಧ ಪುಟ ದಾಟುತ್ತಿಲ್ಲ. ಹುಷಾರಾಗಿದ್ದೀರಾ?

ಪ್ರಾರ್ಥನಾ ಬೆನ್ ಸಾಕ್ಷಿ ಮುಗಿಯಿತು. ನಿಜ ಇದ್ದದ್ದನ್ನೇ ಹೇಳಿದರು, ಒಂದು ಮಾತೂ ಹೆಚ್ಚಲ್ಲ. "ಅರೆಸ್ಟ್ ಅಂತ ಹೇಳಿದೆವು, ಅವಳಿಗೆ ಕೇಳಿಸಿತು, ಆದರೂ ಎಳೆದಳು." ಆಮೇಲೆ ವರಾಂಡದಲ್ಲಿ ನನ್ನ ಪಕ್ಕದ ಬೆಂಚಿಗೇ ಬಂದು ಕುಳಿತರು, ಬೇರೆ ಜಾಗ ಇರಲಿಲ್ಲ. ಮಣಿಕಟ್ಟಿಗೆ ಇನ್ನೂ ಪಟ್ಟಿ. ರೊಟ್ಲಾ ತಟ್ಟೋಕೆ ಆಗಲ್ಲವಂತೆ, ಅವರ ಅತ್ತೆ ದಿನಾ ಮಾತು ಅಂತಾರಂತೆ. ಆಮೇಲೆ ಹೇಳಿದರು: "ಬೆನ್, ಒಂದೇ ಒಂದು ಮಾತು, ಅಸ್ಥಿ ಅಂತ ಹೇಳಿದ್ದರೆ ನಾನೇ ಮುಂದೆ ಗಾಡಿ ಬಿಟ್ಟು ಡಭೋಯಿವರೆಗೆ ದಾರಿ ಮಾಡಿಕೊಡ್ತಿದ್ದೆ."

ನಾನು ಹೇಳಿದೆ, ನಮ್ಮಲ್ಲಿ ಮಾತಾಡಬಾರದು, ಮಾವನ ಅಜ್ಜಿಯ ನಿಯಮ ಅಂತ. ಅವರು ಯೋಚನೆ ಮಾಡಿ, "ಕಠಿಣ ಮನೆ ನಿಮ್ಮದು" ಅಂದರು. ನನಗೆ ಯಾಕೋ ಹೆಮ್ಮೆ ಅನ್ನಿಸಿತು ಮಾವ. ಸೂರತ್ತಿನಲ್ಲಿ ನಾನು ಕನ್ನಡದವಳು ಅಂದರೆ ಇಡ್ಲಿ ಅನ್ನೋರು, ಅಷ್ಟೇ. ಈ ಒಂದು ವಿಷಯದಲ್ಲಿ ನಾನೂ ಆ ಮನೆಯವಳು ಅನ್ನಿಸಿತು.

ಜನವರಿ 8ಕ್ಕೆ ನಿಮ್ಮ ಸಾಕ್ಷಿ. ಅಜ್ಜಿಯ ಹೆಸರು ಏನು? ಚಂದ್ರಕಾಂತ ಭಾಯಿ ಬರೆದುಕೊಳ್ಳಬೇಕಂತೆ.

ಅರ್ಚಿತಾ


ಚಾಂದ್‌ಖೇಡಾ
15 ಡಿಸೆಂಬರ್ 2025

ಚಿ. ಅರ್ಚಿತಾಳಿಗೆ,

ಅಜ್ಜಿಯ ಹೆಸರು ಪುಟ್ಟಲಕ್ಷ್ಮಮ್ಮ.

ಹುಷಾರಾಗಿದ್ದೇನೆ. ಎಂಟನೇ ತಾರೀಖು ಬೆಳಗಿನ ರೈಲಿಗೆ ಬರುತ್ತೇನೆ.

ಮಾವ


ಫತೇಗಂಜ್
1 ಫೆಬ್ರವರಿ 2026

ಮಾವನವರಿಗೆ,

ತೀರ್ಪು ಬಂತು. ಬಂಧನಕ್ಕೆ ಪ್ರತಿರೋಧ ಸಾಬೀತಾಗಿಲ್ಲ, ಕೆಲಸಕ್ಕೆ ಅಡ್ಡಿ ಅನ್ನುವುದೂ ಸಾಬೀತಾಗಿಲ್ಲ. ಬಿಡುಗಡೆ. "ಆರೋಪಿ ಆ ನಿಯಮವನ್ನು ನಿಜವೆಂದೇ ನಂಬಿದ್ದಳು ಎಂಬುದು ಎರಡನೇ ಸಾಕ್ಷಿಯ ಮಾತು ಕೇಳಿದಾಗ ಆಕೆಯ ಸ್ಥಿತಿಯಿಂದಲೇ ನ್ಯಾಯಾಲಯಕ್ಕೆ ಕಂಡಿತು" ಅಂತ ಬರೆದಿದ್ದಾರೆ. ಎರಡನೇ ಸಾಕ್ಷಿ ನೀವು.

ತಂಬಿಗೆಯನ್ನು ನಿಮ್ಮ ಕೈಗೇ ಕೊಡಬೇಕು ಅಂತ ಆದೇಶ. ಹೋಗಿ ತನ್ನಿ. ನಾನು ಬರಲ್ಲ.

ಶಿಕ್ಷೆ ಆಗಿದ್ದರೂ, ನಾನು ಪಾಲಿಸಿದ್ದು ಒಂದು ನಿಜವಾದ ವಿಷಯ ಅಂತ ಇರುತ್ತಿತ್ತು.

ಅರ್ಚಿತಾ


ಚಾಂದ್‌ಖೇಡಾ
8 ಫೆಬ್ರವರಿ 2026, ಮಧ್ಯಾಹ್ನ

ಚಿ. ಅರ್ಚಿತಾಳಿಗೆ ಆಶೀರ್ವಾದಗಳು.

ಇದು ಉದ್ದದ ಕಾಗದ. ಅರ್ಧದಲ್ಲಿ ಬೇಸರವಾದರೆ ಮಡಿಸಿಟ್ಟು ಇನ್ನೊಂದು ದಿನ ಓದು, ಆದರೆ ಹರಿಯಬೇಡ.

ನನ್ನ ಸಾಕ್ಷಿಯ ದಿನ ನೀನು ಕೋರ್ಟಿನ ಹೊರಗೆ ಬರುವಷ್ಟರಲ್ಲಿ ನಾನು ರಿಕ್ಷಾ ಹತ್ತಿದ್ದೆ. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ. ಆ ಕಟಕಟೆಯಿಂದ ಒಂದು ಸಲ ನೋಡಿದ್ದೇ ಸಾಕಾಗಿತ್ತು.

ಮನೆ ಬಿಡುವಾಗ ನಾನು ಸುಳ್ಳು ಹೇಳಲೆಂದೇ ಹೊರಟಿದ್ದೆ. ಹಿಂದಿನ ದಿನ ಗುಂಡಪ್ಪನ ಎದುರು ಅಭ್ಯಾಸವನ್ನೂ ಮಾಡಿದ್ದೆ. ಅಜ್ಜಿಯ ಹೆಸರು ಪುಟ್ಟಲಕ್ಷ್ಮಮ್ಮ ಎಂಬುದು ನಿಜ. ನೆಲಕ್ಕಿಡಬಾರದು ಎಂಬುದೂ ನಿಜ, ಅವಳೇ ಹೇಳುತ್ತಿದ್ದದ್ದು. ಮಾತಾಡಬಾರದು ಎಂಬುದು ನನ್ನದು. ಸರ್ಕಾರಿ ವಕೀಲರು "ಕಾಕಾ, ಮಾತಾಡಬಾರದು ಅಂತ ಯಾವ ಗ್ರಂಥದಲ್ಲಿದೆ?" ಎಂದಾಗ "ಗ್ರಂಥದಲ್ಲಲ್ಲ, ಮನೆಯಲ್ಲಿ" ಎಂದೆ. ಅಲ್ಲಿಯವರೆಗೆ ಸರಿಯಾಗಿಯೇ ಹೋಗುತ್ತಿತ್ತು. ನೀನು ತಲೆ ಆಡಿಸಿದೆ. ಆಮೇಲೆ ಅವರು ತಂಬಿಗೆ ತರಿಸಿ ಮೇಜಿನ ಮೇಲಿಡಿಸಿ, "ಇದು ನಿಮ್ಮದೇ? ಈ ಚೀಟಿ ಓದಿ" ಎಂದರು.

ಓದಿದೆ. ಸುಮಿತ್ರಾ. 2 ಫೆಬ್ರವರಿ 2024. ಕೆಳಗೆ ಕೋರ್ಟಿನವರ ನಂಬರಿನ ಇನ್ನೊಂದು ಚೀಟಿ. ಮೇಲಿನದು ನನ್ನ ಗೋದಾಮಿನ ಅಕ್ಷರ, ಅರ್ಚಿ. ಮೂವತ್ತೊಂದು ವರ್ಷ ಒಂದು ಪೆಟ್ಟಿಗೆಗೂ ಸುಳ್ಳು ಬರೆಯದ ಕೈಯ ಅಕ್ಷರ. ತಪ್ಪು ಚೀಟಿ ನಂಬಿದವರು ತಪ್ಪು ಜಾಗದಲ್ಲಿ ಬಾವಿ ಕೊರೆಯುತ್ತಾರೆ ಎಂದು ಹೊಸಬರಿಗೆ ನಾನೇ ಪಾಠ ಮಾಡುತ್ತಿದ್ದೆ. ನೀನು ಕೊರೆದದ್ದು ಹಾಗೆಯೇ. ಆಚೆ ಬೆಂಚಿನಲ್ಲಿ ಪ್ರಾರ್ಥನಾ ಬೆನ್ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ಕುಳಿತಿದ್ದಳು.

"ನಿಮ್ಮ ಅಜ್ಜಿ ಹೇಳಿದ್ದರೇ?" ಎಂದರು ಮತ್ತೆ. ಗುಜರಾತಿಯಲ್ಲಿ ಬಾಯಿ ತೆರೆದೆ, ಬರಲಿಲ್ಲ. ಕನ್ನಡ ಅವರಿಗೆ ತಿಳಿಯುವುದಿಲ್ಲ. ಉಳಿದದ್ದು ಕಾಲೇಜಿನ ಇಂಗ್ಲಿಷ್. "ನೋ ಸರ್. ಐ ಆಮ್ ದಿ ಆಥರ್ ಆಫ್ ದಿಸ್ ರೂಲ್. ಐ ಮ್ಯಾನುಫ್ಯಾಕ್ಚರ್ಡ್ ಇಟ್" ಎಂದೆ. ಅದಲ್ಲ ಪದ, ಬೇರೆ ಒಂದು ಇದೆ, ಈಗಲೂ ನೆನಪಾಗುತ್ತಿಲ್ಲ. ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು, "ಈ ಹುಡುಗಿಗೆ ಅದು ಗೊತ್ತಿತ್ತೇ?" ಎಂದರು. "ಈ ಕ್ಷಣದವರೆಗೆ ಇಲ್ಲ" ಎಂದೆ. ಅವರು ನಿನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಚಂದ್ರಕಾಂತ ಭಾಯಿ ವರ್ಷವಿಡೀ ಹುಡುಕಿದ ಪುರಾವೆ ನಿನ್ನ ಮುಖದಲ್ಲೇ ಇತ್ತು. ಅದನ್ನು ಅಲ್ಲಿಗೆ ತಂದವನು ನಾನು.

ಯಾಕೆ ಹಾಗೆ ಹೇಳಿದೆ ಎಂದು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ನಿನಗೆ ಹೇಳುತ್ತೇನೆ. ನೀನು ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುತ್ತಾ ಗೆಳತಿಯರ ಜೊತೆ ಹರಟುತ್ತೀಯ. ದಾರಿಯಲ್ಲಿ ಹಾಗೆ ಮಾಡಬೇಡಮ್ಮ, ಅಪಘಾತವಾದೀತು ಎಂದು ಹೇಳಬಹುದಿತ್ತು. ನನ್ನ ಮಾತು ನೀನು ಕೇಳುವುದಿಲ್ಲ, ಶಾಸ್ತ್ರ ಎಂದರೆ ಕೇಳುತ್ತೀಯ ಎಂದುಕೊಂಡು ಅಜ್ಜಿಯ ಬಾಯಲ್ಲಿ ಇಟ್ಟೆ. ಅರ್ಧ ಕಾರಣ ಇದು. ಇನ್ನರ್ಧ ಹೇಳಲು ನಾಚಿಕೆ. ಎದೆಯ ಮೇಲೆ ಸುಮಿತ್ರಾಳನ್ನು ಇಟ್ಟುಕೊಂಡು ನೀನು ಯಾರ ಜೊತೆಯೋ ನಗುತ್ತಾ ಹೋಗುವುದನ್ನು ನೆನೆದರೇ ನನಗೆ ಸಹಿಸಲಾಗಲಿಲ್ಲ. ನಾನು ಹೋಗದ ದಾರಿಯಲ್ಲಿ ನೀನು ನಗಬಾರದಿತ್ತು.

ಮಂಡಿಯ ವಿಷಯ. ನೀನು ಹೊರಟ ದಿನ ನಾನು ಗುಂಡಪ್ಪನ ಜೊತೆ ತರಕಾರಿ ಮಾರ್ಕೆಟ್ಟಿಗೆ ನಡೆದು ಹೋಗಿ ನಡೆದೇ ಬಂದೆ. ಹೋಗಬಹುದಿತ್ತು. ಇದ್ದಾಗ ಅವಳು ಮೂರು ಸಲ ಕೇಳಿದ್ದಳು ಚಾಣೋದಿಗೆ ಹೋಗೋಣವೆಂದು. ಒಮ್ಮೆ ಆಡಿಟ್ ಎಂದೆ, ಒಮ್ಮೆ ಬಿಸಿಲು ಎಂದೆ, ಒಮ್ಮೆ ಅಲ್ಲೇನಿದೆ, ನೀರೇ ತಾನೆ ಎಂದೆ. ಅವಳಿಲ್ಲದೆ ಆ ನೀರಿನ ಮುಂದೆ ನಿಂತರೆ ಈ ಮೂರನೆಯದು ಕಿವಿಗೆ ಬೀಳುತ್ತದೆಂದು ಹೆದರಿದೆ. ಆಸ್ಪತ್ರೆಗೆ ಬರಲಿಲ್ಲವೆಂದು ನಿನ್ನನ್ನು ಬೈದವನು ನಾನು. ಮೂರು ಸಲ ಕರೆದರೂ ಹೋಗದವನೂ ನಾನೇ.

ಮೊನ್ನೆ ಶುಕ್ರವಾರ ಠಾಣೆಗೆ ಹೋಗಿ ತಂದೆ. ಬಾಗಿಲಲ್ಲಿ ಪ್ರಾರ್ಥನಾ ಬೆನ್ ಇದ್ದಳು. ನಾನು ಕೈ ಮುಗಿದು ಕ್ಷಮೆ ಕೇಳಿದೆ. "ಬಾಯಲ್ಲಿ ಹೇಳಿದಿರಲ್ಲ ಕಾಕಾ, ಸಾಕು. ನಿಮ್ಮ ಮನೆಯವರು ಕೈ ಮುಗಿದರೆ ಈಗ ನನಗೆ ಭಯ" ಎಂದಳು. ಚಹಾ ತರಿಸಿದಳು. ನಾನು ಚೀಲ ಹಿಡಿದೇ ಕುಡಿಯುವುದನ್ನು ನೋಡಿ ಬಸಿಯನ್ನು ಅವಳೇ ಹಿಡಿದುಕೊಂಡಳು, ಆ ಕೈಯಲ್ಲೇ. ತಂಬಿಗೆಯ ತೂಕ ಸ್ವಲ್ಪ ಕಡಿಮೆ ಎನಿಸಿತು. ಪ್ರಯೋಗಾಲಯದವರು ಒಂದು ಚಮಚದಷ್ಟು ತೆಗೆದುಕೊಂಡಿರಬೇಕು. ಇರಲಿ.

ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ. ಎದುರು ಕುಳಿತವನು ಚೀಲದಲ್ಲಿ ಏನೆಂದು ಕೇಳಿದ. ಕೇಳಿದ್ದಕ್ಕೆ ಹೇಳಿದೆ, ಕೇಳದ್ದನ್ನೂ ಹೇಳಿದೆ. ನಡಿಯಾದ್ ಬರುವವರೆಗೆ ನಾನು ಬಾಯಿ ಮುಚ್ಚಲಿಲ್ಲ. ಅವನು ಅಲ್ಲಿ ಇಳಿಯಬೇಕಾದವನು, ಇಳಿದ, ಆಮೇಲೆ ಕಿಟಕಿಗೆ ಬಂದು ಕೈ ಮುಗಿದು ಹೋದ.

ಈಗ ಚೀಲ ಬಾಲ್ಕನಿಯ ಕೊಕ್ಕೆಯಲ್ಲಿದೆ. ಉತ್ತರಾಯಣದ ಗಾಳಿಪಟದ ದಾರ ಅದೇ ಕೊಕ್ಕೆಗೆ ಸುತ್ತಿಕೊಂಡಿತ್ತು, ಬಿಡಿಸಲು ಒಂದು ಗಂಟೆ ಹಿಡಿಯಿತು.

ಶಿವರಾತ್ರಿಯ ಜನ ಕರಗಲಿ ಎಂದು ಇಪ್ಪತ್ತೆರಡನೇ ತಾರೀಖು, ಭಾನುವಾರ ಇಟ್ಟುಕೊಂಡಿದ್ದೇನೆ. ವಡೋದರಾದಲ್ಲಿ ಇಳಿದು ಫತೇಗಂಜಿಗೆ ಬರುತ್ತೇನೆ, ನಿನ್ನ ಬೀದಿಯ ತುದಿಯ ಆ ಚಹಾ ಗಾಡಿಯ ಹತ್ತಿರ. ಮೇಲೆ ಬಂದು ಬಾಗಿಲು ತಟ್ಟುವುದಿಲ್ಲ. ಚೀಲ ಹೆಗಲಲ್ಲಿ ಇರುತ್ತದೆ, ನೆಲಕ್ಕಿಡುವ ಹಾಗಿಲ್ಲ, ಆದ್ದರಿಂದ ನಿಂತೇ ಇರುತ್ತೇನೆ. ಈಗ ಮಂಡಿ ನಿಜವಾಗಿಯೂ ನೋಯುತ್ತದೆ, ನೀನು ನಂಬದಿದ್ದರೂ ಸರಿ. ಕಾಲು ತಡೆದಷ್ಟು ಹೊತ್ತು ನಿಂತಿದ್ದು, ಆಮೇಲೆ ಡಭೋಯಿ ಬಸ್ಸು ಹತ್ತುತ್ತೇನೆ. ನೀನು ಬಂದರೆ ಚೀಲ ನಿನ್ನದೇ. ದಾರಿಯುದ್ದಕ್ಕೂ ಎಷ್ಟು ಬೇಕಾದರೂ ಮಾತಾಡು. ಬ್ಯಾರಿಕೇಡಿನಲ್ಲಿ ತಡೆದರೆ ಇಬ್ಬರೂ ಹೇಳೋಣ, ಒಳಗಿರುವುದು ಸುಮಿತ್ರಾ ಎಂದು.

ಇನ್ನೂ ಒಂದಿತ್ತು ಬರೆಯಲು, ನಿನ್ನ ಆ ಹಳೆಯ ಕಾಗದದ ಬಗ್ಗೆ, ಅವಳು ಪಕ್ಕದಲ್ಲಿ ಬರೆದ "ಹೋಗೋಣ" ಎಂಬುದರ ಬಗ್ಗೆ. ಆದರೆ ತಲೆಯೆತ್ತಿ ನೋಡಿದರೆ ಬೆಳಕು ಹೋಗುತ್ತಿದೆ. ಚೀಲ ಕಾಣುತ್ತದೆ, ಅದರ ಮೇಲಿನ ಚೀಟಿ ಕಾಣುತ್ತಿಲ್ಲ. ನಾನು ಬರೆಯಲು ಕುಳಿತಾಗ ದೀಪ ಹಾಕುತ್ತಿದ್ದವಳು ಅವಳು. ಎದ್ದು ಹಾಕಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.